ಎಡಗಾಲಿನ ಕ್ಲೀಟು

ಮೊಮ್ಮಗಳ ಸೈಕಲ್ ಶೂ ಹಾಕಿಕೊಂಡು ನಾನು ನಡೆದದ್ದು ಹತ್ತೇ ಹೆಜ್ಜೆ ಎಂದು ಎದುರುಮನೆಯ ಗೆಳತಿ ಇವತ್ತಿಗೂ ನನ್ನ ಪರವಾಗಿ ಸಾಕ್ಷಿ ಹೇಳುತ್ತಾಳೆ. ಅದು ಸುಳ್ಳು. ನಾನು ನಮ್ಮ ಬೀದಿಯ ಹಿಟ್ಟಿನ ಗಿರಣಿಯವರೆಗೆ ಹೋಗಿ ಬಂದಿದ್ದೆ.

ಈ ಮೊಮ್ಮಗಳು ನನ್ನ ಮಗಳ ಮಗಳು. ಅವಳ ಅಪ್ಪ ಅಮ್ಮ ಇರುವುದು ನ್ಯಾಮತಿಯಲ್ಲಿ. ಪಿಯುಸಿ ಓದಲು ಚನ್ನಗಿರಿಗೆ ಬಂದು ನನ್ನ ಜೊತೆ ಇದ್ದಾಳೆ. ಪುಸ್ತಕ ಎಷ್ಟು ತೆಗೆಯುತ್ತಾಳೋ ನನಗೆ ಗೊತ್ತಿಲ್ಲ, ಸೈಕಲ್ಲನ್ನಂತೂ ದಿನಾ ಬೆಳಿಗ್ಗೆ ತೆಗೆಯುತ್ತಾಳೆ. ತೆಳ್ಳನೆಯ ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ರೇಸಿನ ಸೈಕಲ್ಲು ಅದು. ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ, ಹಿಂದೆ ಒಂದು ಸೊಪ್ಪಿನ ಕಟ್ಟು ಇಡಲು ಕ್ಯಾರಿಯರೂ ಇಲ್ಲ.

ಅದಕ್ಕೆಂದೇ ಬೇರೆ ಶೂ. ಅಟ್ಟೆ ಹಲಗೆಯಷ್ಟು ಗಟ್ಟಿ, ಬಾಗುವುದೇ ಇಲ್ಲ. ಅಡಿಯಲ್ಲಿ, ಬೆರಳುಗಳ ಬುಡಕ್ಕೆ, ಮೂರು ಬೋಲ್ಟು ಹಾಕಿ ಬಿಗಿದ ಮೂರು ಮೂಲೆಯ ಒಂದು ಪ್ಲಾಸ್ಟಿಕ್ ಬಿಲ್ಲೆ. ಅದನ್ನು ಕ್ಲೀಟು ಅನ್ನುತ್ತಾರೆ. ಕ್ಲೀಟಿನ ಮೂತಿಯನ್ನು ಪೆಡಲಿನ ಮುಂದಿನ ಕೊಕ್ಕೆಗೆ ಸಿಕ್ಕಿಸಿ ಕಾಲು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಆಮೇಲೆ ಕಾಲೂ ಸೈಕಲ್ಲೂ ಒಂದೇ. ಮೇಲಕ್ಕೆ ಎಳೆದರೂ ಬಿಡುವುದಿಲ್ಲ. ಬಿಡಿಸಿಕೊಳ್ಳಬೇಕೆಂದರೆ ಹಿಮ್ಮಡಿಯನ್ನು ಹೊರಗಡೆಗೆ ತಿರುಗಿಸಬೇಕು.

"ಅಜ್ಜಿ, ಈ ಪ್ಲಾಸ್ಟಿಕ್ ಇರೋದು ಪೆಡಲಿಗೆ. ನೆಲದ ಮ್ಯಾಲೆ ನಡೆದ್ರೆ ಸವೆದು ಹೋಗ್ತೈತೆ," ಎಂದು ಅವಳು ನನಗೆ ಮೊದಲ ದಿನವೇ ಹೇಳಿದ್ದಳು. ಹೇಳಿದಂತೆಯೇ ಇರುತ್ತಿದ್ದಳು ಕೂಡ. ಗೇಟಿನ ಹತ್ತಿರವೇ ಶೂ ಬಿಚ್ಚಿ, ಬರಿಗಾಲಲ್ಲಿ ಅಂಗಳ ದಾಟಿ ಬರುತ್ತಿದ್ದಳು. ಎಲ್ಲಾದರೂ ನಾಲ್ಕು ಹೆಜ್ಜೆ ಇಡಲೇಬೇಕಾಗಿ ಬಂದರೆ ಹಿಮ್ಮಡಿ ಊರಿ, ಮುಂಗಾಲು ಎತ್ತಿ, ಬಾತುಕೋಳಿಯ ಹಾಗೆ ನಡೆಯುತ್ತಿದ್ದಳು. ನನಗೆ ಅದನ್ನು ನೋಡಿದಾಗಲೆಲ್ಲ ನಗು ತಡೆಯುತ್ತಿರಲಿಲ್ಲ.

ಆ ನಗುವೇ ಎಡವಟ್ಟು ಮಾಡಿತು.

ಅಡಿಕೆ ಸುಲಿಯುವ ಕಾಲದಲ್ಲಿ ಎದುರುಮನೆಯ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತೇವೆ. ಕೈ ಕೆಲಸ ಮಾಡುತ್ತಿರುತ್ತದೆ, ಕಣ್ಣು ಕತ್ತಿಯ ಮೇಲಿರಬೇಕು, ಬೇಜಾರು ಕಳೆಯಲು ಉಳಿಯುವುದು ಕಿವಿ ಮತ್ತು ಬಾಯಿ. ಅಲ್ಲಿ ಒಂದು ರೂಢಿ ಐತೆ ನೋಡಿ: ಊಟವಾದ ಮೇಲೆ ಯಾರು ತಡವಾಗಿ ಬಂದು ಕೂತರೋ ಅವರು ಯಾರನ್ನಾದರೂ ಅಣಕಿಸಿ ತೋರಿಸಬೇಕು. ನಾನು ಬೇಕೆಂದೇ ತಡವಾಗಿ ಹೋಗುವವಳು. ಗಡ್ಡ ಕೆರೆದುಕೊಳ್ಳುತ್ತಿದ್ದ ನನ್ನ ಯಜಮಾನರನ್ನು, ಬ್ಯಾಂಕಿನಲ್ಲಿ ಸಹಿ ಹೋಲಿಸಿ ನೋಡುವ ಹುಡುಗಿಯನ್ನು, ಎಲ್ಲರನ್ನೂ ಮಾಡಿ ಮುಗಿಸಿದ್ದೆ.

ಆ ಗುರುವಾರ ಎದುರುಮನೆಯ ಗೆಳತಿ, "ಇವತ್ತು ನಿಮ್ ಮೊಮ್ಮಗಳು ನಡಿಯೋದು ಮಾಡ್ರೀ ಅಕ್ಕಾ," ಎಂದಳು.

ಮೊಮ್ಮಗಳು ಕಾಲೇಜಿಗೆ ಹೋಗಿದ್ದಳು. ಶೂ ಗೇಟಿನ ಹತ್ತಿರದ ಕಲ್ಲಿನ ಮೇಲಿತ್ತು. ನಮ್ಮಿಬ್ಬರದೂ ಒಂದೇ ಅಳತೆಯ ಪಾದ. ಸೀರೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿ, ಶೂ ಹಾಕಿಕೊಂಡು ಹೊರಟೆ. ಎರಡು ಹೆಜ್ಜೆ ಹಾಕುವಷ್ಟರಲ್ಲೇ ಒಬ್ಬಾಕೆ ಮೆಟ್ಟುಗತ್ತಿಯಿಂದ ಎದ್ದು ದೂರ ಹೋಗಿ ನಗಲು ನಿಂತಳು. ಅಷ್ಟು ನಗು ಕೇಳಿದ ಮೇಲೆ ನಿಲ್ಲುವುದು ಹೇಗೆ? ಟಕ ಟಕ ಎಂದು ಸಿಮೆಂಟ್ ರಸ್ತೆಯ ಮೇಲೆ ಗಿರಣಿಯವರೆಗೆ ಹೋದೆ. ಗಿರಣಿಯ ಕಲ್ಲಿನ ಮೆಟ್ಟಿಲಿನಿಂದ ಇಳಿಯುವಾಗ ಎಡಗಾಲಿನ ಮುಂಭಾಗ ಕಲ್ಲಿನ ಅಂಚಿಗೆ ಬಡಿದು ಕಟ್ ಎಂದಿತು. ನನ್ನ ಮಂಡಿ ಇರಬೇಕು ಎಂದುಕೊಂಡೆ. ಅದು ಆಗಾಗ ಹಾಗೆಯೇ ಅನ್ನುತ್ತಿರುತ್ತದೆ.

ಭಾನುವಾರ ಬೆಳಿಗ್ಗೆ ಹೊನ್ನಾಳಿಯಲ್ಲಿ ಜಿಲ್ಲೆಯ ಹುಡುಗಿಯರ ತಂಡಕ್ಕೆ ಆಯ್ಕೆ ಇತ್ತು. ಹೊನ್ನಾಳಿಯಿಂದ ನ್ಯಾಮತಿ ಕಡೆಗೆ ಹೋಗಿ, ತಿರುಗಿ ಬರುವ ಓಟ. ಇಬ್ಬರನ್ನು ತಂಡಕ್ಕೆ, ಒಬ್ಬಳನ್ನು ಮೀಸಲಿಗೆ ತೆಗೆದುಕೊಳ್ಳುತ್ತಾರೆ. ಹೋದ ವರ್ಷ ಇವಳಿಗೆ ಜ್ವರ ಬಂದು ಹೋಗಲಾಗಿರಲಿಲ್ಲ. ವಯಸ್ಸಿನ ಪ್ರಕಾರ ಇವಳಿಗೆ ಇದೇ ಕೊನೆಯ ಅವಕಾಶ. ಅದು ನನಗೂ ಗೊತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಸುತ್ತ ಅವಳು ಎಳೆದ ಕೆಂಪು ಗೆರೆ ದಿನಾ ನನ್ನ ಕಣ್ಣಿಗೆ ಬೀಳುತ್ತಿತ್ತು.

ಶುಕ್ರವಾರ ಅವಳಿಗೆ ವಿಶ್ರಾಂತಿ. ನಾನು ಶೂಗೆ ಹತ್ತಿದ್ದ ಹಿಟ್ಟಿನ ಧೂಳು ಕಂಡೀತೆಂದು ಒದ್ದೆ ಬಟ್ಟೆಯಲ್ಲಿ ಒರೆಸಲು ಕೂತೆ. ಎಡಗಾಲಿನ ಕ್ಲೀಟಿನ ಮೂತಿಗೆ ಅಡ್ಡಲಾಗಿ ಕೂದಲೆಳೆಯಂಥ ಗೆರೆ ಕಂಡಿತು. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಬೆರಳಿನಿಂದ ಒತ್ತಿದರೆ ಗೆರೆ ಬಾಯಿ ಬಿಟ್ಟಿತು. ಅಂಚುಗಳೂ ಸವೆದು, ಇಲಿ ತಿಂದ ಕೊಬ್ಬರಿಯ ಹಾಗೆ ಕಾಣುತ್ತಿದ್ದವು.

ಆಗಲೇ ಹೇಳಬೇಕಿತ್ತು. ಅವಳು ಒಳಗೆ ಕೂತು ಓದುತ್ತಿದ್ದಳು, ಹತ್ತು ಹೆಜ್ಜೆ ದೂರ. ನಾನು ಹೋದದ್ದು ಎದುರುಮನೆಗೆ.

"ಅಯ್ಯೋ ಇಷ್ಟೇನಾ ಅಕ್ಕಾ, ಅಂಟು ಹಾಕಿದ್ರೆ ಕಲ್ಲಿನ್ ಹಂಗೆ ಕುಂತ್ಕಂತೈತೆ," ಎಂದಳು ಗೆಳತಿ. ಮಿಕ್ಸಿಯ ಮುಚ್ಚಳ, ಚಪ್ಪಲಿ, ಗಂಡನ ಕನ್ನಡಕ, ಎಲ್ಲವನ್ನೂ ಅವಳು ಅದೇ ಅಂಟಿನಿಂದ ಬದುಕಿಸಿದವಳು.

"ಹುಡುಗಿ ಜೋರಾಗಿ ತುಳಿತಾಳೆ ಕಣೇ. ತಡಿತೈತಾ?"

"ನನ್ ಯಜಮಾನ್ರು ಕನ್ನಡಕದ ಮ್ಯಾಲೆ ಕುಂತ್ಕಂಡಿದ್ರು. ತಡಿಲಿಲ್ವಾ?"

ಎರಡು ಹನಿ ಹಾಕಿದೆವು. ಒತ್ತಿ ಹಿಡಿದೆವು. ಗೆರೆ ಮಾಯವಾಯಿತು. ನನ್ನ ಜೀವ ಅರ್ಧ ನಿಮಿಷ ಹಗುರಾಯಿತು, ಅಷ್ಟೇ. ಮನೆಗೆ ಬಂದರೆ ಅಡುಗೆಯಲ್ಲಿ ಕೈ ನಿಲ್ಲದು. ಕೊನೆಗೆ ಅಡುಗೆಮನೆಯಲ್ಲೇ ಕೂತು ಫೋನ್ ತೆಗೆದೆ. ಅಕ್ಷರ ಒತ್ತುವುದನ್ನು ಆಗ ತಾನೇ ಮೊಮ್ಮಗಳೇ ಕಲಿಸಿದ್ದಳು. ಅವಳಿಗೆ ತರಬೇತಿ ಕೊಡುವ ಪಿಟಿ ಮೇಷ್ಟ್ರು ಜಗಳೂರಿನವರು, ಜಿಲ್ಲೆಯ ತಂಡವನ್ನು ಆರಿಸುವವರೂ ಅವರೇ. ಮನೆಯವರಿಗೆಂದು ಅವರು ಮಾಡಿದ್ದ ವಾಟ್ಸಾಪ್ ಗುಂಪಿನಲ್ಲಿ ನನ್ನನ್ನೂ ಸೇರಿಸಿದ್ದರು. ಮಾತಾಡಿದರೆ ಇವಳಿಗೆ ಕೇಳಿಸುತ್ತದೆ. ಹಾಗಾಗಿ ಗುಂಪಿಗಲ್ಲದೆ ಮೇಷ್ಟ್ರೊಬ್ಬರಿಗೇ, ಒಂದೇ ಬೆರಳಲ್ಲಿ ಒತ್ತಿದೆ: "ಸಾರ್ ಕ್ಲೀಟು ಬಿರುಕು ಬಿಟ್ಟರೆ ಅಂಟು ಹಾಕಬಹುದಾ." ಇಷ್ಟು ಒತ್ತುವಷ್ಟರಲ್ಲಿ ಒಲೆಯ ಮೇಲೆ ಸಾರು ಒಂದು ಸಲ ಉಕ್ಕಿತು.

ತಕ್ಷಣ ಉತ್ತರ ಬಂತು. "ಹಾಕಲೇಬೇಡಿ ಅಮ್ಮಾ. ಜೋರಾಗಿ ತುಳಿಯುವಾಗ ಕಿತ್ತುಬಂದರೆ ಹುಡುಗಿ ರಸ್ತೆಗೆ ಬೀಳುತ್ತಾಳೆ. ಯಾರದು, ನಿಮ್ಮ ಮೊಮ್ಮಗಳದಾ?"

ನಾನು "ಹೌದು" ಎಂದು ಮಾತ್ರ ಒತ್ತಿದೆ. ಹೇಗಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದೇ ಥರದ ಹೊಸ ಜೊತೆ ತಮ್ಮ ಹತ್ತಿರ ಇದೆಯೆಂದೂ, ಭಾನುವಾರದವರೆಗೆ ಕಾಯಬಾರದು, ಹೊಸದಕ್ಕೆ ಕಾಲು ಒಗ್ಗಬೇಕು ಎಂದೂ ಬರೆದರು. ಶನಿವಾರ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತೇನೆ, ದಾವಣಗೆರೆಯಲ್ಲಿ ಅವರು ಚನ್ನಗಿರಿ ಬಸ್ಸಿಗೆ ದಾಟಿಸುತ್ತಾರೆ ಎಂದರು. ನಮ್ಮ ಕಡೆ ಮಾತ್ರೆ, ಕೀಲಿಕೈ, ಮರೆತುಹೋದ ಕನ್ನಡಕ ಎಲ್ಲ ಹೀಗೆಯೇ ಓಡಾಡುತ್ತವೆ.

ಶನಿವಾರ ಪೂಜೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೊರಟೆ. ಮೊಮ್ಮಗಳು ಟೈರಿಗೆ ಗಾಳಿ ಹೊಡೆಯುತ್ತಿದ್ದಳು.

"ನಾನು ಬರೋ ತನಕ ಸೈಕಲ್ ತೆಗಿಬ್ಯಾಡ," ಎಂದೆ.

"ಯಾಕಜ್ಜಿ?"

"ಹಿರೇರು ಹೇಳಿದ್ರೆ ಯಾಕೆ ಅನ್ನಬಾರ್ದು."

ಬೇರೆ ಯಾವ ಮಾತು ಹೇಳಿದ್ದರೂ ನಿಲ್ಲುತ್ತಿದ್ದಳೇನೋ. ಈ ಮಾತಿಗೆ ನನ್ನ ಮನೆಯಲ್ಲಿ ಯಾರೂ ಯಾವತ್ತೂ ನಿಂತಿಲ್ಲ. ಅವಳ ಅಜ್ಜನೂ ನಿಲ್ಲಲಿಲ್ಲ.

ದಾವಣಗೆರೆಯಿಂದ ಬಂದ ಮೊದಲ ಬಸ್ಸಿನಲ್ಲಿ ಏನೂ ಇರಲಿಲ್ಲ. ಎರಡನೆಯದರ ಕಂಡಕ್ಟರ್ ತಲೆಯಾಡಿಸಿದರು. ಮನೆಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಎದುರುಮನೆಗೆ ಮಾಡಿದೆ.

"ಅವಳಾ? ಆಗಲೇ ಹೋದಳಲ್ಲ ಅಕ್ಕಾ. ಕೆರೆಬಿಳಚಿ ತನಕ ಹೋಗಿ ಬತ್ತೀನಿ ಅಂದ್ಲು."

"ಶೂ?"

"ಅದನ್ನೇ ಹಾಕ್ಕಂಡು." ಆಮೇಲೆ ಅವಳ ಧ್ವನಿಯೂ ಇಳಿಯಿತು. "ಅಂಟು ಗಟ್ಟಿ ಐತೆ ಬಿಡ್ರಿ," ಎಂದಳು. ಕನ್ನಡಕದ ಸುದ್ದಿ ಈ ಸಲ ಬರಲಿಲ್ಲ.

ಮತ್ತೆ ಮತ್ತೆ ಮೊಮ್ಮಗಳಿಗೆ ಫೋನ್ ಒತ್ತಿದೆ. ಸೈಕಲ್ ಮೇಲಿದ್ದಾಗ ಅವಳು ಎತ್ತುವುದಿಲ್ಲ, ನಾನೇ ಹಾಗೆ ಆಣೆ ಹಾಕಿಸಿದ್ದೆ. ಅಷ್ಟರಲ್ಲಿ ಮೂರನೆಯ ಬಸ್ಸು ಬಂತು. ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತೇ ಕೂಗಿದರು, "ಸೈಕಲ್ ಅಜ್ಜಿ ಯಾರ್ರೀ? ಜಗಳೂರಿಂದ ಪಾರ್ಸಲ್ ಐತೆ."

ಎಲ್ಲರೂ ತಿರುಗಿ ನೋಡಿದರು. ಬೇರೆ ದಿನವಾಗಿದ್ದರೆ ನಾನು ಆ ಹೆಸರಿಗೆ ಒಂದು ಕುಣಿತವನ್ನೇ ಹಾಕುತ್ತಿದ್ದೆ. ನ್ಯೂಸ್ ಪೇಪರಿನ ಪೊಟ್ಟಣ ಕಸಿದುಕೊಂಡು ಆಟೊ ಹತ್ತಿದೆ.

"ಕೆರೆಬಿಳಚಿ ರಸ್ತೆಗೆ ನಡಿಯಪ್ಪ. ಸೈಕಲ್ ಮ್ಯಾಲೆ ಹುಡುಗಿ ಕಂಡ್ರೆ ನಿಲ್ಸು."

"ಕದ್ದುಕೊಂಡು ಹೋಗ್ಯಾಳಾ ಅಜ್ಜಿ?"

"ಹೂಂ, ನನ್ ಮಾನ. ಬೇಗ ಹೋಗು."

ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಏರಿನ ಕೆಳಗೆ ಅವಳ ಹಳದಿ ಅಂಗಿ ಕಂಡಿತು. ನಮ್ಮ ಕಡೆಗೇ ವಾಪಸ್ ಬರುತ್ತಿದ್ದಳು. ಅವಳ ಹಿಂದೆ ಮರಳಿನ ಲಾರಿಯೊಂದು ಹತ್ತಿರವಾಗುತ್ತಿತ್ತು. ನಾನು ಆಟೊದಿಂದ ಹೊರಗೆ ಕೈ ಬೀಸಿದೆ. ಅವಳು ತಲೆ ಬಗ್ಗಿಸಿದ್ದಳು, ನೋಡಲಿಲ್ಲ. ಏರು ಶುರುವಾಯಿತು. ಸೀಟಿನಿಂದ ಎದ್ದು ನಿಂತು ತುಳಿಯತೊಡಗಿದಳು. ಬಲ, ಎಡ, ಬಲ. ನಾನು ಅವಳ ಎಡಗಾಲನ್ನೇ ನೋಡುತ್ತಿದ್ದೆ. ಮುಂದಿನ ಸಲ ಎಡಗಾಲು ಮೇಲೆ ಬರುವಾಗ ಪೆಡಲನ್ನು ಬಿಟ್ಟು ಗಾಳಿಗೆ ಹಾರಿತು.

ಹ್ಯಾಂಡಲ್ ಅಡ್ಡ ತಿರುಗಿತು. ಬಲಗಾಲು ಇನ್ನೂ ಪೆಡಲಿಗೆ ಸಿಕ್ಕಿಕೊಂಡಿತ್ತು. ಸೈಕಲ್ಲು ಅವಳನ್ನು ಎಳೆದುಕೊಂಡೇ ಎಡಕ್ಕೆ, ರಸ್ತೆ ಪಕ್ಕದ ಜಲ್ಲಿಯ ಮೇಲೆ ಬಿತ್ತು. ಲಾರಿ ಉದ್ದಕ್ಕೆ ಹಾರ್ನ್ ಹೊಡೆಯುತ್ತ ಹೋಯಿತು. ಅದು ದಾಟಿ ಹೋಗುವವರೆಗೆ ನನಗೆ ಅವಳು ಕಾಣಲಿಲ್ಲ. ಆ ಹೊತ್ತು ಎಷ್ಟಿತ್ತೋ ಹೇಳಲಾರೆ. ಅದನ್ನು ಬರೆಯುವಾಗ ಈಗಲೂ ಬೆರಳು ನಿಲ್ಲುತ್ತದೆ.

ಬಲಕ್ಕೆ ಬಿದ್ದಿದ್ದರೆ ಲಾರಿಯ ಕೆಳಗೆ.

ನಾವು ಓಡಿಹೋಗುವಷ್ಟರಲ್ಲಿ ಎದ್ದು ಕೂತಿದ್ದಳು. ಅಂಗೈ ತರಚಿತ್ತು, ಮಂಡಿಯಿಂದ ರಕ್ತ ಇಳಿಯುತ್ತಿತ್ತು. ನನ್ನನ್ನು ನೋಡಿ, "ನೀನ್ಯಾಕೆ ಬಂದೆ ಅಜ್ಜಿ," ಎಂದಳು. ಅವಳು ಶೂ ತಿರುಗಿಸಿ ನೋಡಿದಳು. ಮೂತಿ ಇರಲಿಲ್ಲ. ಅದು ಪೆಡಲಿನ ಕೊಕ್ಕೆಯಲ್ಲೇ ಉಳಿದಿತ್ತು. ಅದನ್ನು ಕಿತ್ತು, ಮುರಿದ ಅಂಚನ್ನು ಬಿಸಿಲಿಗೆ ಹಿಡಿದಳು. ಅಂಟು ಹೊಳೆಯಿತು.

"ಇದನ್ನ ಯಾರು ಅಂಟಿಸಿದ್ದು?"

"ನಾನು."

"ಮುರಿದಿದ್ದು?"

"ಅದೂ ನಾನೇ." ಅಣಕದಿಂದ ಹಿಡಿದು ಗಿರಣಿಯ ಮೆಟ್ಟಿಲಿನವರೆಗೆ ಹೇಳಿದೆ. ಆಟೊದವನು ನಗು ತಡೆಯಲಾರದೆ ಬೇರೆ ಕಡೆ ತಿರುಗಿ ನಿಂತ. ಮೊಮ್ಮಗಳು ನಗಲಿಲ್ಲ.

"ಮುರಿದಿದ್ದಕ್ಕೆ ಸಿಟ್ಟಿಲ್ಲ. ನಾನು ಅದ್ರ ಮ್ಯಾಲೆ ಕಾಲಿಟ್ಟು ಹೋಗೋದು ಗೊತ್ತಿದ್ದೂ ಸುಮ್ನಿದ್ಯಲ್ಲ," ಎಂದಳು. ನಿನ್ನ ನಿದ್ದೆ ಕೆಡದಿರಲಿ ಎಂದು ಸುಮ್ಮನಿದ್ದೆ ಎನ್ನುವ ಮಾತು ಬಾಯಿಯವರೆಗೆ ಬಂತು. ಅದು ಪೂರ್ತಿ ನಿಜವಲ್ಲದ್ದರಿಂದ ನುಂಗಿಕೊಂಡೆ. ಪೊಟ್ಟಣ ಅವಳ ಮುಂದಿಟ್ಟೆ.

ಹೊಸ ಕ್ಲೀಟು ಹಾಕಲು ಹಳೆಯದರ ಬೋಲ್ಟು ಬಿಚ್ಚಬೇಕಲ್ಲ, ಅಲ್ಲಿ ಮತ್ತೊಂದು ಪೇಚಾಟ. ಅವಳ ಹತ್ತಿರ ಆರು ಮೂಲೆಯ ಕೀಲಿ ಇತ್ತು. ಎಡಗಾಲಿನ ಎರಡು ಬೋಲ್ಟು ಬಂದವು. ಮೂರನೆಯದರ ತಲೆ ನನ್ನ ನಡಿಗೆಯಲ್ಲಿ ಉಜ್ಜಿಹೋಗಿ ಕೀಲಿ ಸುಮ್ಮನೆ ತಿರುಗುತ್ತಿತ್ತು. ಅದು ಬರದಿದ್ದರೆ ಹೊಸ ಕ್ಲೀಟು ಇದ್ದೂ ಇಲ್ಲದಂತೆ. ಸೈಕಲ್ಲನ್ನು ಆಟೊಗೆ ಕಟ್ಟಿ ಕೆರೆಬಿಳಚಿಯ ಪಂಕ್ಚರ್ ಅಂಗಡಿಗೆ ಹೋದೆವು. ಅಂಗಡಿಯವರು ನನ್ನ ವಯಸ್ಸಿನವರೇ. ಶೂ ತಿರುಗಿಸಿ ನೋಡಿ, "ಇಂಥಾದ್ದಕ್ಕೆ ಕೈ ಹಾಕಿಲ್ಲ ನಾನು," ಎಂದರು.

"ಮೊದಲು ಜಾಗ ಗುರುತು ಹಾಕ್ಕಬೇಕು," ಎಂದಳು ಮೊಮ್ಮಗಳು. ಕ್ಲೀಟು ಒಂದು ಕಾಳಿನಷ್ಟು ಆಚೀಚೆ ಆದರೂ ಮಂಡಿ ನೋಯುತ್ತದಂತೆ. ಹಳೆಯದರ ಸುತ್ತ ಗೆರೆ ಎಳೆದುಕೊಂಡು ಹೊಸದನ್ನು ಅದರೊಳಗೇ ಕೂರಿಸಬೇಕು. ಕರಿ ಅಟ್ಟೆಯ ಮೇಲೆ ಪೆನ್ನು ಕಾಣಲಿಲ್ಲ. ಅಂಗಡಿಯ ಸೀಮೆಸುಣ್ಣ ಎಣ್ಣೆ ಕುಡಿದು ಗೆರೆ ಬಿಡಲಿಲ್ಲ. ನನ್ನ ಕೈಚೀಲದಲ್ಲಿ ಇದ್ದದ್ದು ಒಂದೇ, ಬೆಳಗಿನ ಪೂಜೆಯ ವಿಭೂತಿ ಗಟ್ಟಿ.

ವಿಭೂತಿಯನ್ನು ಚಪ್ಪಲಿ ಇಡುವ ಜಾಗದ ಹತ್ತಿರವೂ ತರಬಾರದೆಂದು ನಾನೇ ಇವಳಿಗೆ ಕಲಿಸಿದವಳು. ಅವಳು ನನ್ನ ಮುಖ ನೋಡಿದಳು. ಕೇಳಲಿಲ್ಲ. ನಾನೇ ಅದರ ಒಂದು ಮೂಲೆ ಮುರಿದು ಕೈಗೆ ಕೊಟ್ಟೆ.

"ಅಜ್ಜಿ, ಶೂ ಮ್ಯಾಲೆ?"

"ಎಳಿ. ಅವನ ಹತ್ರ ನಾನು ಮಾತಾಡ್ತೀನಿ."

ಎರಡೂ ಶೂಗಳ ಮೇಲೆ ಬೆಳ್ಳಗೆ ಗೆರೆ ಮೂಡಿತು. ಅಂಗಡಿಯವರು ಸ್ವಲ್ಪ ದಪ್ಪನೆಯ ಕೀಲಿಯೊಂದನ್ನು ಬೋಲ್ಟಿನ ತಲೆಗೆ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದರು. ಶೂವನ್ನು ನನ್ನ ಮಡಿಲಲ್ಲಿ ಅವುಚಿ ಹಿಡಿದೆ. ಒಂದೊಂದು ಏಟೂ ನನ್ನ ತೊಡೆಗೇ ಬೀಳುತ್ತಿತ್ತು, ಬೀಳಲಿ ಎನಿಸಿತು. ಅವರು ಉಸಿರು ಹಿಡಿದು ತಿರುಗಿಸಿದರು. ಕಿರ್ ಎಂದು ಅಲುಗಿತು.

ಹೊಸದರಲ್ಲಿ ಅವಳು ಅಂಗಡಿಯ ಮುಂದೆ ಹತ್ತಾರು ಸಲ ಟಕ್ ಎಂದು ಸಿಕ್ಕಿಸಿ ಬಿಡಿಸಿದಳು. ಬಲಗಾಲು ಸಲೀಸಾಗಿ ಬರುತ್ತಿತ್ತು. ಎಡಗಾಲನ್ನು ಮಾತ್ರ ಪ್ರತಿ ಸಲವೂ ಕೆಳಗೆ ಬಗ್ಗಿ ನೋಡಿಕೊಳ್ಳುತ್ತಿದ್ದಳು.

ಭಾನುವಾರ ನಸುಕಿನಲ್ಲಿ ಪರಿಚಯದವರ ಗೂಡ್ಸ್ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು, ಸಾಸ್ವೆಹಳ್ಳಿ ಮೇಲೆ ಹೊನ್ನಾಳಿಗೆ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಜೊತೆ ಆಡಿದ್ದು ಎರಡೇ ಮಾತು: ನೀರು ಕೊಡು, ಸಾಕು. ಓಟ ತಿರುಗುವ ಜಾಗಕ್ಕೆ ನ್ಯಾಮತಿಯಿಂದ ಮಗಳು ಬಂದಿದ್ದಳು. ನಾನು ಹೊನ್ನಾಳಿಯಲ್ಲೇ, ಗೆಲುವಿನ ಗೆರೆಯ ಹತ್ತಿರ ನಿಂತೆ.

ಇಬ್ಬರು ಹುಡುಗಿಯರು ಮೊದಲು ಬಂದರು. ಆಮೇಲೆ ಇವಳು ಮತ್ತು ಇನ್ನೊಬ್ಬಳು ಜೋಡಿಯಾಗಿ ಬಂದರು. ಯಾರ ಚಕ್ರ ಮುಂದಿತ್ತೆಂದು ನನಗೆ ತಿಳಿಯಲಿಲ್ಲ, ಗೆರೆಯ ಹತ್ತಿರ ಕೂತವರಿಗೂ ತಿಳಿಯಲಿಲ್ಲ. ಮಗಳು ಫೋನಿನಲ್ಲಿ ಹೇಳಿದಳು: "ತಿರುವಿನ ತನಕ ಇವಳೇ ಎರಡನೆಯೋಳಾಗಿದ್ಲು ಕಣವ್ವ. ತಿರುಗೋವಾಗ ಎಡಗಾಲು ಮೊದಲೇ ಬಿಡಿಸ್ಕಂಡು ನೆಲಕ್ಕೆ ಊರಾಕೆ ಹೋದ್ಲು. ಅಲ್ಲೇ ಹಿಂದೆ ಬಿದ್ಲು."

ಹೊಸ ಪ್ಲಾಸ್ಟಿಕ್ಕು ಮುರಿದಿರಲಿಲ್ಲ. ಆ ಕಾಲಿಗೆ ಧೈರ್ಯ ಇರಲಿಲ್ಲ.

ಉಳಿದದ್ದು ಮೀಸಲಿನ ಒಂದು ಜಾಗ, ಇಬ್ಬರು ಹುಡುಗಿಯರು. ಮೇಷ್ಟ್ರು ಎಲ್ಲರ ಮುಂದೆ ಇವಳನ್ನು ಕರೆದರು. "ಎರಡು ದಿನ ಇರುವಾಗ ಕ್ಲೀಟು ಹೆಂಗಮ್ಮ ಒಡಿತು? ನೆಲದ ಮ್ಯಾಲೆ ನಡಿಬ್ಯಾಡ್ರಿ ಅಂತ ಎಷ್ಟು ಸಲ ಹೇಳೀನಿ? ಸಾಮಾನು ನೋಡ್ಕಳಾಕೆ ಬರದೋಳನ್ನ ಹೊರಗಡೆ ಊರಿಗೆ ಹೆಂಗೆ ಕರ್ಕಂಡು ಹೋಗ್ಲಿ?"

ಅವಳು ತಲೆ ತಗ್ಗಿಸಿ, "ತಪ್ಪಾಯ್ತು ಸರ್," ಎಂದಳು.

ಅಷ್ಟೇ ಹೇಳಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೇಷ್ಟ್ರು ಹಾಳೆಯ ಮೇಲೆ ಪೆನ್ನು ಇಟ್ಟರು.

ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋದೆ. "ಸಾರ್, ಪೆನ್ನು ಎತ್ರಿ. ನಡೆದೋಳು ಅವಳಲ್ಲ, ನಾನು."

"ನೀವಾ ಅಮ್ಮಾ? ಆ ಶೂ ಹಾಕ್ಕಂಡು?"

"ಹೂಂ. ಹಿಟ್ಟಿನ ಗಿರಣಿ ತನಕ. ಅಂಟು ಹಾಕಿದ್ದೂ ನಾನೇ, ಮುಚ್ಚಿಟ್ಟಿದ್ದೂ ನಾನೇ. ಹುಡುಗಿ ನಿನ್ನೆ ಬಿದ್ದಿದ್ದು ಅದಕ್ಕೇ. ಬೇಕಾದ್ರೆ ಮಂಡಿ ನೋಡ್ರಿ."

ಹಿಂದೆ ಯಾರೋ ಕಿಸಕ್ಕೆಂದರು. ನಗಿಸುವುದು ನನ್ನ ಕಸುಬು, ಆದರೆ ಆವತ್ತು ಆ ನಗು ಮೈಮೇಲೆ ಬಿಸಿ ನೀರು ಸುರಿದ ಹಾಗಿತ್ತು. ಮೇಷ್ಟ್ರು ನಗಲಿಲ್ಲ. ಮೊಮ್ಮಗಳ ಮಂಡಿಯ ಪಟ್ಟಿ ನೋಡಿದರು, ಶೂ ತೆಗೆಸಿ ಅಡಿ ನೋಡಿದರು. ಕ್ಲೀಟಿನ ಸುತ್ತ ಬಿಳಿ ಗೆರೆ ಇನ್ನೂ ಇತ್ತು.

"ಇದನ್ನ ಇಷ್ಟು ಸರಿಯಾಗಿ ಕೂರಿಸಿದ್ದು ಯಾರು?"

"ಅವಳೇ, ಸಾರ್. ರಕ್ತ ಸುರಿತಿರೋವಾಗ."

ಅವರು ಇನ್ನೊಬ್ಬ ಹುಡುಗಿಯ ಅಪ್ಪನನ್ನು, ಗೆರೆಯ ಹತ್ತಿರ ಕೂತಿದ್ದ ಇನ್ನಿಬ್ಬರನ್ನು ಕರೆದು ಬಹಳ ಹೊತ್ತು ಮಾತಾಡಿದರು. ಯಾರೋ ಫೋನಿನಲ್ಲಿ ಹಿಡಿದಿದ್ದ ವಿಡಿಯೊವನ್ನು ನಿಧಾನ ಮಾಡಿ ನೋಡಿದರು. ಅದರಲ್ಲಿ ಇವಳ ಚಕ್ರ ಒಂದು ಗೇಣು ಮುಂದಿತ್ತು. ಮೀಸಲಿನ ಜಾಗಕ್ಕೆ ಇವಳ ಹೆಸರು ಬರೆದರು.

ತಂಡದಲ್ಲಿ ಓಡುವ ಇಬ್ಬರಲ್ಲಿ ಅವಳು ಇಲ್ಲ. ಯಾರಿಗಾದರೂ ಆಗದಿದ್ದರೆ ಮಾತ್ರ ಅವಳ ಸರದಿ. ಅದು ನನ್ನಿಂದಾದದ್ದು, ಅದನ್ನು ಯಾವ ಮಾತಿನಿಂದಲೂ ಸರಿ ಮಾಡಲಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಜನ ಚದುರಿದ ಮೇಲೆ ನನ್ನ ಹತ್ತಿರ ಬಂದಳು. "ಈ ಮಾತು ಶುಕ್ರವಾರ ಹೇಳಬೇಕಿತ್ತು ಅಜ್ಜಿ," ಎಂದಳು.

"ಹೂಂ," ಎಂದೆ.

ಆಮೇಲೆ ನನ್ನ ಭುಜ ಹಿಡಿದುಕೊಂಡು ಒಂದೊಂದಾಗಿ ಶೂ ಬಿಚ್ಚಿ ನನ್ನ ಎರಡೂ ಕೈಗೆ ಕೊಟ್ಟಳು. "ಹಿಡ್ಕ. ಕೆಳಗೆ ಇಡಬ್ಯಾಡ," ಎಂದು ಹೇಳಿ, ನೀರಿನ ಕ್ಯಾನ್ ಇಟ್ಟಿದ್ದ ಮರದ ಕಡೆಗೆ ಬರಿಗಾಲಲ್ಲಿ ಹೋದಳು.